ಬಾಯಲ್ಲಿ ‘ಆಯ್ತು’, ಕೈಯಲ್ಲಿ ‘ಇಲ್ಲ’

ಆಪ್ತ ಸಲಹೆಗೆ ಬರುವ ದಂಪತಿಗಳಲ್ಲಿ ಕೂಗಾಡುವವರ ಸಿಟ್ಟು ಬೇಗ ಕಾಣುತ್ತದೆ. ಕೂಗದವರದು ಕಷ್ಟ. ‘ಮಾಡ್ತೀನಿ ಬಿಡು’ ಅನ್ನುತ್ತಾರೆ, ಮಾಡುವುದಿಲ್ಲ. ‘ಏನಿಲ್ಲ’ ಅನ್ನುತ್ತಲೇ ಪಾತ್ರೆ ಕುಕ್ಕುತ್ತಾರೆ. ಎದುರಿಗೆ ಆಡದ ಮಾತು ವಾಟ್ಸ್ಯಾಪ್ ಸ್ಟೇಟಸ್‌ಗೆ ಏರುತ್ತದೆ. ಸಿಟ್ಟನ್ನು ಬಾಯಿಬಿಟ್ಟು ಹೇಳದೆ ಹೀಗೆ ಅಡ್ಡದಾರಿಯಲ್ಲಿ ತೋರಿಸುವುದನ್ನು ಪ್ಯಾಸಿವ್ ಅಗ್ರೆಸಿವ್ ಎಂದು ಮೊದಲು ಕರೆದದ್ದು ಅಮೆರಿಕದ ಸೇನೆಯ ಮನೋವೈದ್ಯರು, 1945ರಲ್ಲಿ. ಅಧಿಕಾರಿಗೆ ಎದುರಾಡದೆ, ಮುಖ ಊದಿಸಿಕೊಂಡು, ಕೆಲಸ ಎಳೆದಾಡುತ್ತಿದ್ದ ಸೈನಿಕರನ್ನು ಕುರಿತ ಮಾತು ಅದು. ‘ಆಗಲ್ಲ’ ಅನ್ನಲು ಜಾಗವಿಲ್ಲದ ಕಡೆ ಈ ಗುಣ ಚೆನ್ನಾಗಿ ಬೆಳೆಯುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಸೊಸೆಗೂ, ಅಪ್ಪನೆದುರು ಮಗನಿಗೂ ಆ ಜಾಗವಿಲ್ಲ.

ಒಂದು ಸಲ ಕರೆಂಟ್ ಬಿಲ್ ಮರೆತರೆ ಅದು ಮರೆವು. ಹಾಗಾಗಿ ಮೊದಲು ಎರಡು ವಾರ ಬರೆದಿಡಲು ಹೇಳುತ್ತೇನೆ: ಏನು ಒಪ್ಪಿಕೊಂಡರು, ಏನಾಯಿತು, ಆಮೇಲೆ ನೀವೇನು ಮಾಡಿದಿರಿ. ಆಫೀಸಿನದೆಲ್ಲ ನೆನಪಿದ್ದು ಹೆಂಡತಿಯ ತವರಿಗೆ ಸಂಬಂಧಿಸಿದ್ದು ಮಾತ್ರ ಮೂರು ಸಲ ಮರೆತಿದ್ದರೆ ಕಾರಣ ಬೇರೆ ಇದೆ. ಮೂರನೆಯ ಸಾಲನ್ನು ನಾನು ಹೆಚ್ಚು ಹೊತ್ತು ಓದುತ್ತೇನೆ. ‘ಕಾದು ಕಾದು ನಾನೇ ಮಾಡಿದೆ’ ಎಂದಿದ್ದರೆ, ಹೇಳದೆ ತಪ್ಪಿಸಿಕೊಂಡವರಿಗೆ ಕೆಲಸ ತಪ್ಪಿತು. ಮುಂದಿನ ಸಲವೂ ಅದೇ ದಾರಿ.

ಮಾತಿಗೆ ಕೂರುವುದು ಊಟವಾದ ಮೇಲೆ, ಮಕ್ಕಳು, ಅತ್ತೆ ಮಾವ ಯಾರೂ ಇಲ್ಲದಾಗ, ಹದಿನೈದು ನಿಮಿಷ, ಒಂದೇ ವಿಷಯಕ್ಕೆ. ‘ಭಾನುವಾರ ಅಮ್ಮನಿಗೆ ಫೋನ್ ಮಾಡ್ತೀನಿ ಅಂದಿದ್ರಿ, ಇವತ್ತು ಗುರುವಾರ. ಇಷ್ಟವಿಲ್ಲದಿದ್ದರೆ ಹೇಳಿ, ನಾನೇ ಮಾತಾಡ್ತೀನಿ.’ ಇಷ್ಟು ಹೇಳಿ ಸುಮ್ಮನಾಗಬೇಕು. ಈ ಸುಮ್ಮನಿರುವುದೇ ಯಾರಿಗೂ ಆಗುವುದಿಲ್ಲ; ಎರಡು ಸೆಕೆಂಡಿಗೆ ‘ಯಾವಾಗಲೂ ನೀವು ಹೀಗೇ’ ಬಂದುಬಿಡುತ್ತದೆ. ‘ಯಾವಾಗಲೂ’ ಬಂತೆಂದರೆ ಫೋನಿನ ವಿಷಯ ಹೋಗಿ ವಂಶದ ವಿಷಯ ಬರುತ್ತದೆ. ‘ಅಯ್ಯೋ, ಮರೆತೆ’ ಅಂದರೆ ವಾದ ಬೇಡ, ಯಾವ ದಿನ ಅಂತ ಕೇಳಿ. ‘ನನಗೆ ಇಷ್ಟವಿಲ್ಲ’ ಅಂದರೆ ಅವತ್ತು ಮುನಿಸು ತೋರಿಸಬೇಡಿ. ಬಾಯಿಬಿಟ್ಟು ಹೇಳಿದ್ದಕ್ಕೆ ಶಿಕ್ಷೆ ಸಿಕ್ಕರೆ ಮರುದಿನದಿಂದ ಮತ್ತೆ ‘ಆಯ್ತು’ ಶುರು.

ಕೊಂಕಿಗೆ ಕೊಂಕು ಬೇಡ. ‘ದೊಡ್ಡವರ ಮನೆಯವರು, ನಮ್ಮ ಅಡುಗೆ ಹೇಗೆ ರುಚಿಸುತ್ತೆ’ ಅಂದರೆ, ‘ಅಡುಗೆ ಬಗ್ಗೆ ಬೇಜಾರಾಯ್ತಾ?’ ಎಂದು ನೇರವಾಗಿ, ತಣ್ಣಗೆ ಕೇಳಬಹುದು. ಮಾತು ಬಿಟ್ಟವರನ್ನು ‘ಏನಾಯ್ತು’ ಎಂದು ನಾಲ್ಕು ಸಲ ಕೇಳಿದರೆ ಮೌನ ಇನ್ನೂ ಗಟ್ಟಿಯಾಗುತ್ತದೆ. ‘ರಾತ್ರಿ ಒಂಬತ್ತಕ್ಕೆ ಬಿಡುವಾಗಿರ್ತೀನಿ, ಮಾತಾಡೋಣ’ ಎಂದು ಒಮ್ಮೆ ಹೇಳಿ ನಿಮ್ಮ ಕೆಲಸ ನೋಡಿಕೊಳ್ಳಿ. ಒಂಬತ್ತಕ್ಕೆ ನಿಜವಾಗಿಯೂ ಅಲ್ಲಿರಿ. ಮಗುವಿನ ಕೈಲಿ ‘ಅಪ್ಪನಿಗೆ ಹೇಳು’ ಅಂತ ಕಳಿಸುವುದು ಮಾತ್ರ ಬೇಡವೇ ಬೇಡ.

ಮೌನದ ಜೊತೆ ಮನೆಖರ್ಚಿನ ದುಡ್ಡು ನಿಲ್ಲಿಸುವುದು, ಫೋನ್ ಕಿತ್ತುಕೊಳ್ಳುವುದು, ಹೆದರಿಕೆ ಸೇರಿದ್ದರೆ ಮೇಲಿನ ಯಾವ ಉಪಾಯವೂ ಅಲ್ಲಿಗೆ ಸಲ್ಲದು. ಮಾತಿನ, ಮನಸ್ಸಿನ, ಹಣದ ಹಿಂಸೆಯೂ 2005ರ ಕೌಟುಂಬಿಕ ಹಿಂಸೆ ಕಾಯ್ದೆಯೊಳಗೆ ಬರುತ್ತದೆ. ಮಹಿಳಾ ಸಹಾಯವಾಣಿ 181.