ಮದುವೆ ಕಾರ್ಡ್ ಮುಚ್ಚಿಟ್ಟು ಆನಂದ್ ಆಟ ಓದಿದ್ದು

ಎರಡು ವರ್ಷ ಫೋನಿನಲ್ಲೇ ಚೆಸ್ ಆಡಿದೆ. ದಿನಕ್ಕೆ ಹತ್ತು ಹದಿನೈದು ಬ್ಲಿಟ್ಜ್, ಅಂದರೆ ಕೆಲವೇ ನಿಮಿಷಗಳ ಆಟ. ರೇಟಿಂಗ್ ಮಾತ್ರ ಅಲ್ಲಾಡಲಿಲ್ಲ. ದೊಡ್ಡವರ ಆಟ ನೋಡುವಾಗಲೂ ಇಂಜಿನ್ (ನಡೆ ಲೆಕ್ಕ ಹಾಕಿ ಯಾರು ಮುಂದಿದ್ದಾರೆ ಅಂತ ಅಂಕಿ ಕೊಡುವ ಕಂಪ್ಯೂಟರ್ ಪ್ರೋಗ್ರಾಂ) ಹಾಕಿಕೊಂಡು, ಪಕ್ಕದ ಅಂಕಿ ಏರಿದಾಗ 'ಓಹೋ' ಅನ್ನುವುದು, ಅಷ್ಟೇ.

ಹೋದ ಮಳೆಗಾಲ ಅಟ್ಟದಿಂದ ಮರದ ಬೋರ್ಡ್ ಇಳಿಸಿದೆ. ಒಂದು ಕಪ್ಪು ಪೇದೆ ಕಾಣೆಯಾಗಿತ್ತು, ಅದರ ಜಾಗಕ್ಕೆ ಪೆನ್ನಿನ ಮುಚ್ಚಳ. ವಿಶ್ವನಾಥನ್ ಆನಂದ್ ಆಟಗಳ ಪ್ರಿಂಟ್ ತೆಗೆದು, ಮೇಲೆ ಹಳೇ ಮದುವೆ ಕಾರ್ಡ್ ಮುಚ್ಚಿ, ಸಾಲು ಸಾಲಾಗಿ ಕೆಳಗೆ ಸರಿಸುತ್ತಾ ಹೋದೆ. ಆನಂದ್ ಸರದಿ ಬಂದಾಗ ಮೊದಲು ನನ್ನ ನಡೆ ನೋಟ್‌ಬುಕ್ಕಿಗೆ, ಆಮೇಲೆ ಕಾರ್ಡ್ ಸರಿಸಬೇಕು. ಇಂಜಿನ್ ಮುಟ್ಟುವಂತಿಲ್ಲ.

1988ರಲ್ಲಿ ನಮ್ಮ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್, 2000ದಲ್ಲಿ ಟೆಹರಾನ್‌ನಲ್ಲಿ ಶಿರೋವ್‌ನನ್ನು ಸೋಲಿಸಿ ಮೊದಲ ವಿಶ್ವ ಪಟ್ಟ, ಆಮೇಲೆ ಇನ್ನೂ ನಾಲ್ಕು. ಇದೆಲ್ಲ ಎಲ್ಲರಿಗೂ ಗೊತ್ತು. ನನ್ನನ್ನು ಎಂಟು ಸಂಜೆ ಕೂರಿಸಿದ್ದು 2013ರ ಜನವರಿಯಲ್ಲಿ ನೆದರ್‌ಲ್ಯಾಂಡ್ಸ್‌ನ ವೈಕ್ ಆನ್ ಝೀ ಟೂರ್ನಿಯಲ್ಲಿ ಗ್ರ್ಯಾಂಡ್‌ಮಾಸ್ಟರ್ ಲೆವೊನ್ ಅರೋನಿಯನ್ ಮೇಲೆ ಆಡಿದ ಆಟ. ಆನಂದ್‌ದು ಕಪ್ಪು ಕಾಯಿ.

16ನೇ ನಡೆ. ಎಫ್8ರ (ಎಫ್8, ಸಿ5 ಎಲ್ಲ ಬೋರ್ಡಿನ ಮನೆಗಳ ಹೆಸರು) ಆನೆ ಮೇಲೆ ಬಿಳಿ ಕುದುರೆ ಕಣ್ಣು. ಸಿ5ರ ಒಂಟೆಯನ್ನು (ಬಿಷಪ್‌ಗೆ ನಮ್ಮ ಮನೆಯಲ್ಲಿ ಒಂಟೆ ಅಂತಲೇ) ಪೇದೆ ತಿನ್ನಬಹುದು. ಜಿ4ರ ಕುದುರೆಯೂ ಅಪಾಯದಲ್ಲಿ. ನಾನು ಬರೆದದ್ದು, ಆ ಕುದುರೆ ವಾಪಸ್ ಎಫ್6ಕ್ಕೆ. ಬೋರ್ಡ್ ಮೇಲೆ ಇಟ್ಟು ನೋಡಿದರೆ ಅಲ್ಲೂ ಬಿಳಿ ಕುದುರೆ ಕಾಯ್ತಾ ಇದೆ! ಕಾರ್ಡ್ ಸರಿಸಿದೆ. ಆನಂದ್ ಯಾವುದನ್ನೂ ಓಡಿಸಿರಲಿಲ್ಲ, ಇನ್ನೊಂದು ಕುದುರೆಯನ್ನೂ ಇ5ಕ್ಕೆ ತಂದು ಪೇದೆಯ ಬಾಯಿಗೆ ಇಟ್ಟಿದ್ದರು. ಒಟ್ಟು ನಾಲ್ಕು ಕಾಯಿ ಬೀದಿಯಲ್ಲಿ.

ಯಾಕೆ ಅಂತ ಹೊಳೆದದ್ದು ಮೂರನೇ ಸಂಜೆ. ಪೇದೆ ಆ ಕುದುರೆ ತಿಂದರೆ ಕಪ್ಪು ರಾಣಿ ಡಿ4 ತಿಂದು ಚೆಕ್. ರಾಜ ಮೂಲೆಗೆ. ರಾಣಿ ಜಿ1ಕ್ಕೆ ಹೋಗಿ ತಾನೇ ಬಲಿ, ಆನೆ ತಿನ್ನಲೇಬೇಕು, ಆಗ ಜಿ4ರ ಕುದುರೆ ಎಫ್2ಕ್ಕೆ ಹಾರಿ ಮೇಟ್. ನಾನು ವಾಪಸ್ ಓಡಿಸಲು ಹೊರಟಿದ್ದೆನಲ್ಲ, ಅದೇ ಕುದುರೆ! ಅರೋನಿಯನ್ ಇದಕ್ಕೆ ಬೀಳಲಿಲ್ಲ, ಆದರೂ 23 ನಡೆಗೆ ಆನಂದ್ ಗೆದ್ದರು. ಇದರಲ್ಲಿ ಅವರು ಮನೆಯಲ್ಲಿ ಮಾಡಿದ್ದ ತಯಾರಿಯೂ ಇತ್ತು ಅನ್ನಿ.

ಇದನ್ನೇ ನಂಬಿ ಒಂದು ಭಾನುವಾರದ ಟೂರ್ನಿಯಲ್ಲಿ ನಾನೂ ಒಂಟೆ ಬಿಟ್ಟೆ. ಎದುರಿಗಿದ್ದ ಹನ್ನೊಂದು ವರ್ಷದ ಹುಡುಗಿ ಸುಮ್ನೆ ತಿಂದಳು. ಅಷ್ಟೇ ಕಥೆ. ಅವಳ ರಾಜನ ಸುತ್ತ ಪೇದೆಗಳು ಗಟ್ಟಿಯಾಗಿ ನಿಂತಿದ್ದವು, ನನ್ನ ರಾಣಿ ಇನ್ನೂ ಮನೆ ಬಿಟ್ಟಿರಲಿಲ್ಲ.

ಈಗ 2010ರಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ನಡೆದ ವಿಶ್ವ ಪಟ್ಟದ ಪಂದ್ಯ ಹಿಡಿದಿದ್ದೇನೆ. ಐಸ್‌ಲ್ಯಾಂಡ್ ಜ್ವಾಲಾಮುಖಿಯ ಬೂದಿಯಿಂದ ವಿಮಾನ ನಿಂತು, ಆನಂದ್ ಫ್ರಾಂಕ್‌ಫರ್ಟ್‌ನಿಂದ ರಸ್ತೆಯಲ್ಲೇ ಸುಮಾರು 40 ಗಂಟೆ ಹೋಗಿ, ಟೊಪಲೋವ್ ಎದುರು ಮೊದಲ ಆಟ ಸೋತು, 12ನೇ ಆಟವನ್ನು ಕಪ್ಪು ಕಾಯಲ್ಲಿ ಗೆದ್ದು ಪಟ್ಟ ಉಳಿಸಿಕೊಂಡರು. ಆ ಆಟ 56 ನಡೆ. ನನ್ನ ಕಾರ್ಡ್ ನಿನ್ನೆ ರಾತ್ರಿ 31ರಲ್ಲಿ ನಿಂತಿದೆ.