ಅಮೆರಿಕದಲ್ಲಿ ಪಾರ್ಟ್‌ಟೈಮ್ ಓದು: ಫೀಸಿನ ಲೆಕ್ಕ ನಾನು ಹಾಕಿದ ಬಗೆ

ಪಾರ್ಟ್‌ಟೈಮ್ ಓದಿಗೆ ಸರ್ಕಾರದ ದುಡ್ಡು ಬರಲ್ಲ ಅಂದುಕೊಂಡು ಫೆಡರಲ್ ನೆರವಿಗೆ ಹಾಕುವ ಫಾಫ್ಸಾ ಅರ್ಜಿಯನ್ನೇ ತುಂಬದವರಿದ್ದಾರೆ. ಬರುತ್ತದೆ, ಆದರೆ ಕ್ರೆಡಿಟ್ (ಕೋರ್ಸಿನ ತೂಕ ಅಳೆಯುವ ಅಂಕಿ) ಎಣಿಸಿ ಬರುತ್ತದೆ.

ಮೊದಲು ನೋಡಬೇಕಾದ್ದು ವೀಸಾ. ಸಾಮಾನ್ಯವಾಗಿ ಸಿಟಿಜನ್ ಆಗಿರಬೇಕು ಇಲ್ಲವೇ ಗ್ರೀನ್ ಕಾರ್ಡ್ ಇರಬೇಕು. ಎಚ್-1ಬಿ (ಉದ್ಯೋಗ), ಎಚ್-4 (ಅವರ ಕುಟುಂಬ), ಎಫ್-1 (ವಿದ್ಯಾರ್ಥಿ) ವೀಸಾದವರಿಗೆ ಫೆಡರಲ್ ನೆರವು ಇಲ್ಲ. ಅವರ ದಾರಿ ಬೇರೆ.

ಪದವಿ ಮಟ್ಟದ, ತೀರಿಸಬೇಕಿಲ್ಲದ ಸರ್ಕಾರಿ ನೆರವಾದ ಪೆಲ್ ಗ್ರಾಂಟ್‌ಗೆ ಸೆಮಿಸ್ಟರಿಗೆ 12 ಕ್ರೆಡಿಟ್ ಅಂದರೆ ನೂರಕ್ಕೆ ನೂರು. ಹಿಂದೆ ಮುಕ್ಕಾಲು, ಅರ್ಧ ಎಂಬ ಮೆಟ್ಟಿಲುಗಳಿದ್ದವು. 11 ಕ್ರೆಡಿಟ್ ತೆಗೆದುಕೊಂಡರೂ ಮುಕ್ಕಾಲೇ. 2024-25ರಿಂದ 11ಕ್ಕೆ 92%, 9ಕ್ಕೆ 75%, 7ಕ್ಕೆ 58%, 3ಕ್ಕೂ 25% ಸಿಗುತ್ತದೆ. 2025-26ರ ಗರಿಷ್ಠ ಮೊತ್ತ 7,395 ಡಾಲರ್. ಅದಕ್ಕೆ ಪೂರ್ತಿ ಅರ್ಹರಾದವರು ಒಂದು ಸೆಮಿಸ್ಟರಿಗೆ 9 ಕ್ರೆಡಿಟ್ ಹಿಡಿದರೆ ಸುಮಾರು 2,773 ಡಾಲರ್. ಜೀವಮಾನದ ಮಿತಿ 600%, ಅಂದರೆ ಪೂರ್ಣಾವಧಿಯ 12 ಸೆಮಿಸ್ಟರ್. ಕಡಿಮೆ ಕ್ರೆಡಿಟ್ ತೆಗೆದುಕೊಂಡರೆ ಈ ಮಿತಿಯೂ ಅಷ್ಟೇ ನಿಧಾನವಾಗಿ ಕರಗುತ್ತದೆ, ನಷ್ಟವೇನಿಲ್ಲ.

ಎಡವುವುದು ಎಣಿಕೆಯಲ್ಲಿ. ನಿಮ್ಮ ಡಿಗ್ರಿಗೆ ಬೇಕಾದ ಕೋರ್ಸು ಮಾತ್ರ ಲೆಕ್ಕಕ್ಕೆ ಬರುತ್ತದೆ. ಇಷ್ಟಕ್ಕೆಂದು ಸೇರಿದ ಫೋಟೊಗ್ರಫಿ ಕ್ಲಾಸು, ಆಡಿಟ್ ಮಾಡಿದ್ದು (ಕ್ರೆಡಿಟ್ ಇಲ್ಲದೆ ಕೂತು ಕೇಳಿದ್ದು) ಸೇರುವುದಿಲ್ಲ. ಹೆಸರು ಹಚ್ಚಿ ಒಂದು ದಿನವೂ ಹೋಗದ ಕ್ಲಾಸಿನ ಪಾಲನ್ನು ಕಾಲೇಜು ಆಮೇಲಾದರೂ ವಾಪಸ್ ಕಿತ್ತುಕೊಳ್ಳುತ್ತದೆ. ಸೆಮಿಸ್ಟರಿನ ನಡುವೆ ಶುರುವಾಗುವ ಎಂಟು ವಾರದ ಕೋರ್ಸುಗಳಲ್ಲಿ ಇದು ಹೆಚ್ಚು. ಹಾಗಾಗಿ ಕ್ರೆಡಿಟ್ ಲೆಕ್ಕ ಗಟ್ಟಿಯಾಗುವ ದಿನ ಯಾವುದೆಂದು ಕಾಲೇಜಿನ ಏಡ್ ಆಫೀಸಿನಲ್ಲಿ (ನೆರವಿನ ಕಚೇರಿ) ಕೇಳಿ ಬರೆದಿಟ್ಟುಕೊಳ್ಳಬೇಕು.

ಫೆಡರಲ್ ಸಾಲಕ್ಕೆ ಕನಿಷ್ಠ ಅರ್ಧ ಹೊರೆ ಬೇಕು, ಪದವಿಯಲ್ಲಿ ಸಾಮಾನ್ಯವಾಗಿ 6 ಕ್ರೆಡಿಟ್. ಐದಕ್ಕೆ ಇಳಿದರೆ ಹೊಸ ಸಾಲ ಇಲ್ಲ. ಹಳೆಯದರ ಕಂತು ಶುರುವಾಗುವ ಮುಂಚೆ ಸಿಗುವ ಆರು ತಿಂಗಳ ಗಡುವು ಅಂದೇ ಓಡಲು ಶುರು.

ಎಲ್ಲ ಕೋರ್ಸೂ ಬಿಡುವುದಾದರೆ ಸೆಮಿಸ್ಟರಿನ 60% ದಾಟಿದೆಯೇ ನೋಡಿ. ದಾಟದಿದ್ದರೆ ಉಳಿದ ದಿನಗಳ ಪಾಲು ಹಿಂದಿರುಗಿಸಬೇಕು, ಫೀಸಿನ ಬಾಕಿ ನಿಮ್ಮ ತಲೆಗೆ. ಒಂದೇ ಕೋರ್ಸು ಬಿಟ್ಟರೆ ಈ ಲೆಕ್ಕವಿಲ್ಲ, ಆದರೆ ನೆರವು ಮುಂದುವರಿಯಲು ಹಿಡಿದ ಕ್ರೆಡಿಟ್‌ಗಳಲ್ಲಿ ಸುಮಾರು 67% ಪಾಸಾಗಿರಬೇಕೆಂಬ ನಿಯಮಕ್ಕೆ ಪೆಟ್ಟು. ಸೆಮಿಸ್ಟರಿಗೆ ಎರಡೇ ಕೋರ್ಸು ಹಿಡಿದವರು ಒಂದನ್ನು ಬಿಟ್ಟರೆ ಆ ಸೆಮಿಸ್ಟರಿನಲ್ಲಿ ಸೀದಾ 50%.

ಇನ್ನೊಂದು ವಿಷಯ: 2025-26ರ ಅರ್ಜಿ ನೋಡುವುದು 2023ರ ಆದಾಯ. ಓದಿಗೆಂದು ಕೆಲಸದ ಗಂಟೆ ಕಡಿಮೆ ಮಾಡಿಕೊಂಡಿದ್ದರೆ ಈಚಿನ ಪೇ-ಸ್ಲಿಪ್‌ಗಳೊಂದಿಗೆ ಏಡ್ ಆಫೀಸಿನಲ್ಲಿ ಮರುಪರಿಶೀಲನೆ ಕೇಳಬಹುದು. ಕೇಳದೆ ಅವರಾಗಿ ಮಾಡುವುದಿಲ್ಲ.

ಇನ್ನು ಎಚ್-1ಬಿಯವರು. ಆ ವೀಸಾದಲ್ಲೇ ಪಾರ್ಟ್‌ಟೈಮ್ ಓದಬಹುದು. ಕಂಪನಿಯಲ್ಲಿ ಫೀಸು ಕೊಡುವ ಯೋಜನೆ ಇದ್ದರೆ ವರ್ಷಕ್ಕೆ 5,250 ಡಾಲರ್‌ವರೆಗೆ ತೆರಿಗೆ ಇಲ್ಲ. ತೆರಿಗೆಯ ಲೆಕ್ಕದಲ್ಲಿ ರೆಸಿಡೆಂಟ್ ಆಗಿದ್ದರೆ ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್ ಎಂಬ ತೆರಿಗೆ ರಿಯಾಯಿತಿ ಕೂಡ ಉಂಟು: ಕಟ್ಟಿದ ಫೀಸಿನ 20%, ಹೆಚ್ಚೆಂದರೆ 2,000 ಡಾಲರ್, ಒಂದೇ ಕೋರ್ಸಿಗೂ ಸೈ. ಸಿಂಗಲ್ (ಅವಿವಾಹಿತ) ಎಂದು ಫೈಲ್ ಮಾಡುವವರ ಆದಾಯ 80,000 ದಾಟಿದ ಮೇಲೆ ಇಳಿಯುತ್ತಾ 90,000ಕ್ಕೆ ಸೊನ್ನೆ. ಐಟಿ ಸಂಬಳದವರಿಗೆ ಇಲ್ಲೇ ಕೈತಪ್ಪುತ್ತದೆ. ಕಂಪನಿ ತೆರಿಗೆಯಿಲ್ಲದೆ ಕೊಟ್ಟ ಫೀಸನ್ನು ಈ ರಿಯಾಯಿತಿ ಕೇಳುವ ಫಾರ್ಮ್ 8863ರಲ್ಲಿ ಮತ್ತೆ ತೋರಿಸಬಾರದು. ಕಾಲೇಜು ಕೊಡುವ 1098-ಟಿ ಫಾರ್ಮಿನಲ್ಲಿ ಕಾಣುವುದು ಯಾರೇ ಕಟ್ಟಿದ್ದರೂ ಪೂರ್ತಿ ಫೀಸು, ಅದನ್ನು ಹಾಗೇ ನಕಲು ಮಾಡಬೇಡಿ.