ಆಟ ಶುರುವಾಗುವ ಮುಂಚೆಯೇ ಲೆಕ್ಕ: ಸಿಮ್ ಬೇಸ್‌ಬಾಲ್ ಲೀಗಿಗೆ ನಾನು ಮುನ್ನೋಟ ಬರೆಯುವ ರೀತಿ

ಮೈಸೂರಿನ ನಮ್ಮ ಮನೆಯಲ್ಲಿ ಬೆಳಗ್ಗೆ ಏಳಕ್ಕೆ ಫಿಲ್ಟರ್ ಕಾಫಿ ಇಳಿಯುವ ಹೊತ್ತು, ಅಮೆರಿಕದ ಪೂರ್ವ ತೀರದಲ್ಲಿ ಹಿಂದಿನ ರಾತ್ರಿ ಒಂಬತ್ತೂವರೆ. ನಮ್ಮ ಲೀಗ್ ನಡೆಸುವ ಕಮಿಷನರ್ ಗುಂಡಿ ಒತ್ತುವುದು ಆಗಲೇ. ಒಂದು ವಾರದ ಆಟವನ್ನು ಕಂಪ್ಯೂಟರ್ ತಾನೇ ಆಡಿ ಕೆಲವು ನಿಮಿಷದಲ್ಲಿ ಮುಗಿಸಿಬಿಡುತ್ತದೆ. ಕಾಫಿ ಆರುವುದರೊಳಗೆ ನನ್ನ ತಂಡ ಆರಕ್ಕೆ ನಾಲ್ಕು ಸೋತಿರುತ್ತದೆ.

ಆಟದ ಹೆಸರು 'ಔಟ್ ಆಫ್ ದಿ ಪಾರ್ಕ್ ಬೇಸ್‌ಬಾಲ್'. ಜರ್ಮನಿಯ ಮಾರ್ಕುಸ್ ಹೈನ್‌ಸೋನ್ ಶುರು ಮಾಡಿದ್ದು, ಮೊದಲು ಬಂದದ್ದು 1999ರಲ್ಲಿ. ಕ್ಲೀವ್‌ಲ್ಯಾಂಡ್‌ನಲ್ಲಿ ಎರಡು ವರ್ಷ ಕೆಲಸಕ್ಕಿದ್ದಾಗ ಒಬ್ಬ ಸಹೋದ್ಯೋಗಿ ನನಗೆ ಈ ಚಟ ಹತ್ತಿಸಿದ. ಊರಿಗೆ ವಾಪಸ್ ಬಂದರೂ ಬಿಟ್ಟಿಲ್ಲ. ಲೀಗಿನಲ್ಲಿ 24 ತಂಡ, ಒಂದೊಂದನ್ನೂ ನಡೆಸಲು ನನ್ನಂಥ ಒಬ್ಬ ಜಿ.ಎಂ. (ಜನರಲ್ ಮ್ಯಾನೇಜರ್). ಆಟಗಾರರೆಲ್ಲ ಕಂಪ್ಯೂಟರ್ ಹುಟ್ಟಿಸಿದವರು. ಪ್ರತಿ ಸೀಸನ್‌ಗೂ ಮುಂಚೆ 24 ತಂಡಗಳ ಭವಿಷ್ಯ ಬರೆಯುವ ಕೆಲಸ ಆರು ಸೀಸನ್‌ಗಳಿಂದ ನನ್ನ ತಲೆಗೆ ಬಿದ್ದಿದೆ. ನೀವೂ ಇಂಥ ಲೀಗಿನಲ್ಲಿದ್ದು, ಬರೆಯುವ ಆಸೆ ಇದ್ದರೆ, ನಾನು ಮಾಡಿಕೊಂಡು ಬಂದಿರುವ ದಾರಿ ಹೀಗಿದೆ.

ಹೋದ ವರ್ಷದ ಪಾಯಿಂಟ್ ಪಟ್ಟಿಯನ್ನು ಮೊದಲು ಮುಚ್ಚಿಡಿ. ನಿಜವಾಗಿಯೂ ಹೇಳುತ್ತಿದ್ದೇನೆ, ಆ ಪುಟವನ್ನೇ ತೆರೆಯಬೇಡಿ. ತಂಡ ಹೊಡೆದ ರನ್ ಎಷ್ಟು, ಬಿಟ್ಟುಕೊಟ್ಟ ರನ್ ಎಷ್ಟು, ಈ ಎರಡೇ ಅಂಕಿ ಬರೆದುಕೊಳ್ಳಿ. ನೆಟ್ ರನ್ ರೇಟ್ ನೋಡಿ ಬೆಳೆದ ನಮಗೆ ಇದು ಹೊಸದೇನಲ್ಲ. ಬೇಸ್‌ಬಾಲ್ ಅಂಕಿಅಂಶಗಳ ಬಗ್ಗೆ ಬರೆಯುವ ಬಿಲ್ ಜೇಮ್ಸ್ ಇದಕ್ಕೊಂದು ಸೂತ್ರ ಮಾಡಿಟ್ಟಿದ್ದಾರೆ. ಹೊಡೆದ ರನ್ನಿನ ವರ್ಗ ತೆಗೆದುಕೊಳ್ಳಿ, ಬಿಟ್ಟುಕೊಟ್ಟ ರನ್ನಿನದೂ ತೆಗೆದುಕೊಳ್ಳಿ. ಎರಡೂ ವರ್ಗಗಳನ್ನು ಕೂಡಿಸಿ, ಆ ಮೊತ್ತದಿಂದ ಮೊದಲನೆಯದನ್ನು ಭಾಗಿಸಿ. ಬಂದದ್ದನ್ನು ಸೀಸನ್ನಿನ ಪಂದ್ಯಗಳ ಸಂಖ್ಯೆ 162ರಿಂದ ಗುಣಿಸಿ. ತಂಡ ನ್ಯಾಯವಾಗಿ ಎಷ್ಟು ಪಂದ್ಯ ಗೆಲ್ಲಬೇಕಿತ್ತು ಅನ್ನುವುದು ಸಿಗುತ್ತದೆ.

ಸೂತ್ರದ ಮೇಲೆ ನಂಬಿಕೆ ಬರಬೇಕಾದರೆ ನಿಜವಾದ ಬೇಸ್‌ಬಾಲ್‌ನ ಒಂದು ಲೆಕ್ಕ ಮಾಡಿ ನೋಡಿ. 2016ರಲ್ಲಿ ಟೆಕ್ಸಸ್ ರೇಂಜರ್ಸ್ 765 ರನ್ ಹೊಡೆದು 757 ಬಿಟ್ಟುಕೊಟ್ಟಿತು. ಸೂತ್ರ ಹೇಳುವುದು 82 ಗೆಲುವು. ಅವರು ಗೆದ್ದದ್ದು 95! ಒಂದೇ ರನ್ ಅಂತರದ ಪಂದ್ಯಗಳಲ್ಲಿ 36 ಗೆದ್ದು 11 ಮಾತ್ರ ಸೋತಿದ್ದರು. ಮರುವರ್ಷ ಏನಾಯಿತು? 78 ಗೆಲುವು, 84 ಸೋಲು. 95 ನೋಡಿ ಮುನ್ನೋಟ ಬರೆದವರು ಹಳ್ಳಕ್ಕೆ ಬಿದ್ದರು.

ಹಾಗಂತ ಸೂತ್ರವೇ ವೇದವಾಕ್ಯ ಅಂದುಕೊಳ್ಳಬೇಡಿ. 2021ರಲ್ಲಿ ಸಿಯಾಟಲ್ ಮ್ಯಾರಿನರ್ಸ್ ಹೊಡೆದದ್ದಕ್ಕಿಂತ 51 ರನ್ ಜಾಸ್ತಿ ಬಿಟ್ಟುಕೊಟ್ಟೂ 90 ಪಂದ್ಯ ಗೆದ್ದಿತು. ಮುಂದಿನ ವರ್ಷ ಬೀಳುತ್ತಾರೆ ಅಂತ ನಾನೂ ತಲೆ ಅಲ್ಲಾಡಿಸಿದ್ದೆ. 2022ರಲ್ಲಿ ಮತ್ತೆ 90 ಗೆದ್ದು, 2001ರ ನಂತರ ಮೊದಲ ಸಲ ಪ್ಲೇಆಫ್‌ಗೆ ಹೋದರು. ಆದರೆ ಅದು ಹಳೇ ತಂಡದ ಅದೃಷ್ಟ ಮುಂದುವರಿದದ್ದಲ್ಲ. ಆ ವರ್ಷ ಬಿಟ್ಟುಕೊಟ್ಟದ್ದಕ್ಕಿಂತ ಹೊಡೆದ ರನ್ನೇ ಜಾಸ್ತಿ ಇತ್ತು, ತಂಡವೇ ಸುಧಾರಿಸಿತ್ತು. ಅಂದರೆ ಹೋದ ವರ್ಷದ ರನ್ನು ಬರೀ ಅಡಿಪಾಯ. ಅದರ ಮೇಲೆ ಈ ವರ್ಷ ಏನು ಬದಲಾಗಿದೆ ಅನ್ನುವುದನ್ನು ನೀವು ಕೂಡಿ ಕಳೆಯಬೇಕು.

ಕೂಡಿ ಕಳೆಯುವುದಕ್ಕೆ ಒಂದು ಒರಟು ಅಳತೆ ಇದೆ: ಹತ್ತು ರನ್ ಅಂದರೆ ಸುಮಾರು ಒಂದು ಗೆಲುವು. ಇದೊಂದು ನೆನಪಿದ್ದರೆ ಅರ್ಧ ಕೆಲಸ ಆಯಿತು.

ಹೋದ ಸೀಸನ್ನಿನ ನನ್ನ ಕಡತದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಒಂದು ತಂಡದ ಮುಖ್ಯ ಪಿಚರ್ (ಚೆಂಡು ಎಸೆಯುವವನು) 180 ಇನ್ನಿಂಗ್ಸ್ ಎಸೆದು 2.90 ಇ.ಆರ್.ಎ. ಮಾಡಿದ್ದ. ಅಂದರೆ ಒಂಬತ್ತು ಇನ್ನಿಂಗ್ಸ್‌ಗೆ ಮೂರು ರನ್ನೂ ಕೊಡದವನು. ಎಲ್ಲರೂ ಅವನನ್ನು ಹೊತ್ತು ಕುಣಿಯುತ್ತಿದ್ದರು. ನಾನು ಅವನ ಬುಡ ಕೆದಕಿದೆ. ಬಿಟ್ಟುಕೊಟ್ಟ ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) 20, ವಾಕ್ (ಕೆಟ್ಟ ಎಸೆತಗಳಿಂದ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್) 60, ಸ್ಟ್ರೈಕ್‌ಔಟ್ (ಫೀಲ್ಡರ್‌ಗಳ ನೆರವಿಲ್ಲದೆ ಪಿಚರ್ ಮಾಡುವ ಔಟ್) 150. ಈ ಮೂರನ್ನೇ ಇಟ್ಟುಕೊಂಡು ಮಾಡುವ ಲೆಕ್ಕಕ್ಕೆ ಎಫ್.ಐ.ಪಿ. ಅಂತಾರೆ. ಹೋಮ್ ರನ್ನಿಗೆ 13, ವಾಕ್‌ಗೆ 3, ಸ್ಟ್ರೈಕ್‌ಔಟ್‌ಗೆ ಮೈನಸ್ 2. ಅಂದರೆ 260, ಅದಕ್ಕೆ 180 ಕೂಡಿಸಿ, 300 ಕಳೆಯಿರಿ: 140. ಇನ್ನಿಂಗ್ಸ್‌ನಿಂದ ಭಾಗಿಸಿದರೆ 0.78. ಇ.ಆರ್.ಎ. ಅಳತೆಗೆ ತರಲು ಅದಕ್ಕೆ ಸುಮಾರು 3.10 ಸೇರಿಸಬೇಕು. ಬಂತಲ್ಲ, 3.88. ಅವನು 2.90ರ ಪಿಚರ್ ಅಲ್ಲ, 3.88ರ ಪಿಚರ್. ಬ್ಯಾಟಿಗೆ ತಗುಲಿ ಮೈದಾನದೊಳಗೆ ಬಿದ್ದ ಚೆಂಡು ಫೀಲ್ಡರ್ ಕೈಗೆ ಹೋಗುತ್ತೋ, ಸಂದಿಯಲ್ಲಿ ನುಗ್ಗುತ್ತೋ ಅನ್ನುವುದರಲ್ಲಿ ಪಿಚರ್ ಪಾಲು ತೀರಾ ಕಡಿಮೆ. ಆ ವರ್ಷ ಅವನ ಚೆಂಡುಗಳೆಲ್ಲ ಕೈಗೇ ಹೋಗಿದ್ದವು, ಅಷ್ಟೇ.

ಈಗ ಇದನ್ನು ಗೆಲುವಿಗೆ ಇಳಿಸಿ. 180 ಇನ್ನಿಂಗ್ಸ್ ಅಂದರೆ ಇಪ್ಪತ್ತು ಪೂರ್ತಿ ಪಂದ್ಯ. ಪಂದ್ಯಕ್ಕೆ ಒಂದು ರನ್ ಜಾಸ್ತಿ ಅಂದರೆ ಇಪ್ಪತ್ತು ರನ್, ಎರಡು ಗೆಲುವು. ಆಟಗಾರ ಬದಲಾಗಿಲ್ಲ, ತಂಡ ಬದಲಾಗಿಲ್ಲ, ಆದರೂ ಎರಡು ಗೆಲುವು ಕಳೆದಾಯಿತು. ಇಂಥವರು ಮೂವರು ಒಂದೇ ತಂಡದಲ್ಲಿ ಸಿಕ್ಕರೆ, ಆ ತಂಡದ ಬಗ್ಗೆ ಬರೆಯುವುದೇ ಒಂದು ಖುಷಿ.

ಬ್ಯಾಟರ್‌ಗಳಿಗೂ ಇದೇ ಅನುಮಾನ ಬೇಕು. ಒಳಗೆ ಬಿದ್ದ ಚೆಂಡುಗಳಲ್ಲಿ ಸಾಮಾನ್ಯವಾಗಿ ಹತ್ತಕ್ಕೆ ಮೂರು ಹಿಟ್ (ಬ್ಯಾಟರ್ ಔಟಾಗದೆ ಬೇಸ್ ಮುಟ್ಟುವ ಹೊಡೆತ) ಆಗುತ್ತವೆ. ಮೂವತ್ನಾಲ್ಕು ವರ್ಷದ, ಓಡಲಾರದ ಆಸಾಮಿಗೆ ಹತ್ತಕ್ಕೆ ನಾಲ್ಕರ ಹತ್ತಿರ ಆಗಿದ್ದರೆ ಕಣ್ಣು ಕಿರಿದು ಮಾಡಿ. ವಯಸ್ಸಿನ ವಿಷಯದಲ್ಲಿ ನನ್ನ ನಿಯಮ ಸರಳ: 27ರ ಆಸುಪಾಸು ತುದಿ, ಅಲ್ಲಿಂದ ಇಳಿಜಾರು.

ರೇಟಿಂಗ್‌ಗಳನ್ನು ನೋಡುವಾಗ ಒಂದು ಎಚ್ಚರಿಕೆ. ಆಟದಲ್ಲಿ 20ರಿಂದ 80ರ ಅಳತೆ ಇದೆ, ನಕ್ಷತ್ರಗಳೂ ಇವೆ. ನಕ್ಷತ್ರ ನೋಡಿ ಮರುಳಾಗಬೇಡಿ. ನಿಮಗೆ ಕಾಣಿಸುವುದು ನಿಮ್ಮ ಸ್ಕೌಟ್ (ಆಟದೊಳಗೆ ಆಟಗಾರರನ್ನು ಅಳೆಯುವವನು) ಹೇಳಿದ ಅಭಿಪ್ರಾಯ, ಸತ್ಯವಲ್ಲ. ನನ್ನ ಸ್ಕೌಟ್‌ಗೆ ಮೈಕಟ್ಟು ಚೆನ್ನಾಗಿರುವ ಹುಡುಗರೆಂದರೆ ಪ್ರಾಣ. ಅವನ ಕನ್ನಡಕದಲ್ಲಿ ಹತ್ತೊಂಬತ್ತರ ಹುಡುಗರೆಲ್ಲ ಬಂಗಾರ. ಎರಡನೇ ಸೀಸನ್‌ನಲ್ಲಿ ಅವನ ಮಾತು ಕೇಳಿ ಒಂದು ಎಳೆಯರ ತಂಡಕ್ಕೆ 94 ಗೆಲುವು ಬರೆದೆ. 66ಕ್ಕೆ ನಿಂತರು. ಈಗ ಹುಡುಗ ಮೇಲಿನ ದರ್ಜೆಯಲ್ಲಿ ಆಡಿ ತೋರಿಸಿದ್ದರೆ ಮಾತ್ರ ಲೆಕ್ಕಕ್ಕೆ ಹಾಕುತ್ತೇನೆ. 'ಪೊಟೆನ್ಶಿಯಲ್' ಅಂಕಣ ಮುಂದಿನ ವರ್ಷದವರ ತಲೆನೋವು.

ಮೊದಲ ಒಂಬತ್ತು ಬ್ಯಾಟರ್, ಐದು ಪಿಚರ್ ನೋಡಿ ನಿಲ್ಲಿಸಬೇಡಿ. ಆರನೆಯ, ಏಳನೆಯ ಪಿಚರ್ ಯಾರು? 162 ಪಂದ್ಯದಲ್ಲಿ ಅವರೂ ಎಸೆದೇ ಎಸೆಯುತ್ತಾರೆ. ಯಾರದಾದರೂ ಮೊಣಕೈ ಹೋಗಿಯೇ ಹೋಗುತ್ತದೆ. 'ಫ್ರಾಜೈಲ್' (ಬೇಗ ಗಾಯವಾಗುವವನು) ಅಂತ ಬರೆದಿರುವವನನ್ನು ನಂಬಿ ಇಡೀ ಸೀಸನ್ ಕಟ್ಟಿದ ತಂಡ ಕಂಡರೆ ನಾನು ಮೂರು ಗೆಲುವು ಸುಮ್ನೆ ಕಳೆದುಬಿಡುತ್ತೇನೆ. ಚುರುಕಾದ ಫೀಲ್ಡರ್ ಬೇಕಾದ ಶಾರ್ಟ್‌ಸ್ಟಾಪ್ ಮತ್ತು ಸೆಂಟರ್ ಫೀಲ್ಡ್ ಜಾಗಗಳ ಕಡೆಗೂ ಕಣ್ಣು ಹಾಯಿಸಿ. ಬ್ಯಾಟ್ ಬೀಸುತ್ತಾನೆ ಅಂತ ದಪ್ಪಗಿನವನನ್ನು ಅಲ್ಲಿ ನಿಲ್ಲಿಸಿದ್ದರೆ ಬೆಲೆ ತೆರುವವರು ಪಿಚರ್‌ಗಳು.

ಇಷ್ಟನ್ನು ಕಂಪ್ಯೂಟರ್ ಕೂಡ ಮಾಡುತ್ತದೆ. ಕಂಪ್ಯೂಟರ್‌ಗೆ ಗೊತ್ತಾಗದ್ದು ತಂಡ ನಡೆಸುವ ಮನುಷ್ಯ. ನನ್ನ ಪ್ರಕಾರ ಮುನ್ನೋಟದ ಜೀವ ಇರುವುದು ಇಲ್ಲೇ.

ನಮ್ಮಲ್ಲಿ ಒಹಾಯೋದ ಒಬ್ಬ ನಿವೃತ್ತ ಮೇಷ್ಟ್ರು ಇದ್ದಾರೆ. ಅವರಿಗೆ ಹಳಬರನ್ನು ಬಿಡಲು ಮನಸ್ಸು ಬರುವುದಿಲ್ಲ. ಮೂವತ್ತೇಳರ ಕ್ಯಾಚರ್ ಸೊನ್ನೆ ಸುತ್ತುತ್ತಿದ್ದರೂ ಜುಲೈವರೆಗೆ ಆಡಿಸುತ್ತಾರೆ, ಬದಲಿ ಹುಡುಗ ಬೆಂಚಿನಲ್ಲಿ ಕೊಳೆಯುತ್ತಾನೆ. ಕಾಗದದ ಮೇಲೆ ಆ ಹುಡುಗನ ಬ್ಯಾಟಿಂಗ್ ಸೇರಿಸಿ ನೀವು ಲೆಕ್ಕ ಹಾಕಿದರೆ ಕೆಟ್ಟಿರಿ. ಇನ್ನೊಬ್ಬರು ಲಾರಿ ಓಡಿಸುವವರು. ಏಪ್ರಿಲ್‌ನಲ್ಲಿ ತಂಡ ಹಾಳಾಗಿ ಕಾಣುತ್ತದೆ, ಟ್ರೇಡ್ (ತಂಡಗಳ ನಡುವೆ ಆಟಗಾರರ ಅದಲುಬದಲು) ಗಡುವಿನ ವಾರದಲ್ಲಿ ಎಲ್ಲಿಂದಲೋ ಇಬ್ಬರು ಪಿಚರ್‌ಗಳನ್ನು ಹೊಡೆದುಕೊಂಡು ಬರುತ್ತಾರೆ. ನಾಲ್ಕು ವರ್ಷ ಸತತ ಹೀಗೇ ಆಯಿತು. ಐದನೇ ವರ್ಷದಿಂದ ಅವರ ತಂಡಕ್ಕೆ ನಾನು ಮೂರು ಗೆಲುವು ಮುಂಗಡವಾಗಿ ಕೊಡುತ್ತಿದ್ದೇನೆ. ಮತ್ತೊಬ್ಬ ಜಿ.ಎಂ.ಗೆ ಮಗು ಹುಟ್ಟಿತು. ವಾರಗಟ್ಟಲೆ ತನ್ನ ತಂಡದ ಬದಲಾವಣೆಗಳ ಫೈಲ್ ಕಳಿಸಲೇ ಇಲ್ಲ, ಗಾಯಾಳು ಪಿಚರ್ ಪಟ್ಟಿಯಲ್ಲೇ ಉಳಿದಿದ್ದ. ಆ ವರ್ಷ ನಾನು ಕೊಟ್ಟದ್ದು 88, ಬಂದದ್ದು 79. ಈಗ ಮುನ್ನೋಟಕ್ಕೆ ಕೂರುವ ಮುಂಚೆ ಪ್ರತಿಯೊಬ್ಬರಿಗೂ ಎರಡು ಸಾಲಿನ ಪತ್ರ ಹಾಕುತ್ತೇನೆ: ಈ ವರ್ಷ ಟೈಮ್ ಇದೆಯಾ? ಯಾರನ್ನು ಮಾರುವ ಯೋಚನೆ ಇದೆ? ಎರಡನೆಯದಕ್ಕೆ ಎಲ್ಲರೂ ಸುಳ್ಳು ಹೇಳುತ್ತಾರೆ. ಮೊದಲನೆಯದಕ್ಕೆ ಯಾರೂ ಹೇಳುವುದಿಲ್ಲ.

ಎಲ್ಲ ತಂಡಕ್ಕೂ ಅಂಕಿ ಬರೆದ ಮೇಲೆ ಒಟ್ಟು ಕೂಡಿಸಿ. ಇದನ್ನು ಬಿಟ್ಟರೆ ಮಾನ ಹೋಗುತ್ತದೆ. 24 ತಂಡ, ತಲಾ 162 ಪಂದ್ಯ, ಪ್ರತಿ ಪಂದ್ಯದಲ್ಲಿ ಒಬ್ಬರೇ ಗೆಲ್ಲುವುದು: ಒಟ್ಟು 1,944 ಗೆಲುವು. ನನ್ನ ಮೊದಲ ಮುನ್ನೋಟದ ಮೊತ್ತ 2,011 ಇತ್ತು. ಯಾರ ಮನಸ್ಸೂ ನೋಯಿಸಬಾರದು ಅಂತ ಎಲ್ಲರಿಗೂ ಎರಡು ಮೂರು ಜಾಸ್ತಿ ಹಂಚಿ, 67 ಗೆಲುವು ಗಾಳಿಯಿಂದ ಹುಟ್ಟಿಸಿದ್ದೆ. ಕಮಿಷನರ್ ಅಕೌಂಟೆಂಟ್, ಒಂದೇ ನಿಮಿಷದಲ್ಲಿ ಹಿಡಿದರು.

ಅಂಕಿಗಳನ್ನು ತೀರಾ ಹರಡಬೇಡಿ ಕೂಡ. ನಿಜವಾದ ಬೇಸ್‌ಬಾಲ್‌ನಲ್ಲಿ 2001ರ ಮ್ಯಾರಿನರ್ಸ್ 116 ಗೆದ್ದದ್ದೂ ಇದೆ, 2024ರಲ್ಲಿ ಶಿಕಾಗೋ ವೈಟ್ ಸಾಕ್ಸ್ 121 ಸೋತದ್ದೂ ಇದೆ. ಆದರೆ ಅವುಗಳಲ್ಲಿ ಅದೃಷ್ಟ, ದುರದೃಷ್ಟದ ಪಾಲೂ ಇತ್ತು. ಸರಿಯಾಗಿ ಐವತ್ತು-ಐವತ್ತು ಶಕ್ತಿಯ ತಂಡ, ನಾಣ್ಯ ಚಿಮ್ಮಿದ ಹಾಗೆ 162 ಪಂದ್ಯ ಆಡಿದರೂ 81ರಿಂದ ಆರು ಗೆಲುವು ಆಚೀಚೆ ಹೋಗುವುದು ಮಾಮೂಲು. ಮೂರು ಸೀಸನ್‌ಗೆ ಒಂದು ಸಲ ಅದಕ್ಕಿಂತಲೂ ದೂರ ಹೋಗುತ್ತದೆ. ಹಾಗಾಗಿ ನನ್ನ ಪಟ್ಟಿಯ ತುದಿ 98, ತಳ 63. ಯಾರಾದರೂ 104 ಗೆಲ್ಲುತ್ತಾರೆ ಅಂತ ಗೊತ್ತು. ಯಾರು ಅಂತ ಗೊತ್ತಿಲ್ಲವಲ್ಲ!

ನಿಮ್ಮ ತಂಡದ ಬಗ್ಗೆ ನೀವು ಬರೆಯಬೇಡಿ. ಹೆತ್ತವರಿಗೆ ಹೆಗ್ಗಣ ಮುದ್ದು. ನನ್ನದನ್ನು ಒಹಾಯೋದ ಮೇಷ್ಟ್ರಿಗೆ ಒಪ್ಪಿಸಿದ್ದೇನೆ. ಹೋದ ವರ್ಷ ಅವರು ಬರೆದದ್ದು ಇಷ್ಟೇ: "ಬುಲ್‌ಪೆನ್ ಇಲ್ಲ. 73." (ಬುಲ್‌ಪೆನ್ ಅಂದರೆ ಪಂದ್ಯದ ನಡುವೆ ಬದಲಿಯಾಗಿ ಬರುವ ಪಿಚರ್‌ಗಳು.) ಎರಡು ದಿನ ಸಿಟ್ಟು ಮಾಡಿಕೊಂಡು ಓಡಾಡಿದೆ. ಗೆದ್ದದ್ದು 72.

ಬರೆಯುವಾಗ ಒಂದು ತಂಡಕ್ಕೆ ಐದಾರು ಸಾಲು ಸಾಕು. ಗೆಲುವಿನ ಅಂಕಿ ಮೊದಲು ಬರಲಿ. ಆಮೇಲೆ ಆ ಅಂಕಿ ಯಾರ ಮೇಲೆ ನಿಂತಿದೆ ಅನ್ನುವುದು: 'ಎಡಗೈ ಪಿಚರ್‌ನ ಭುಜ ಆಗಸ್ಟ್‌ವರೆಗೆ ಉಳಿದರೆ 90, ಇಲ್ಲದಿದ್ದರೆ 82' ಅನ್ನುವ ಹಾಗೆ. 'ಈ ತಂಡದಿಂದ ಏನನ್ನು ಬೇಕಾದರೂ ನಿರೀಕ್ಷಿಸಬಹುದು' ಅಂತ ಬರೆದರೆ ನೀವು ಜ್ಯೋತಿಷ್ಯಕ್ಕೆ ಹೋಗಿ, ಅಲ್ಲಿ ದುಡ್ಡೂ ಇದೆ.

ಸೀಸನ್ ಮುಗಿದ ಮೇಲೆ ಕಡತ ತೆಗೆದು, ಪ್ರತಿ ತಂಡಕ್ಕೂ ಎಷ್ಟು ತಪ್ಪಿದ್ದೀರಿ ಅಂತ ಬರೆದುಕೊಳ್ಳಿ. ಪಕ್ಕದಲ್ಲಿ ಎರಡು ಅಂಕಣ ಇರಲಿ. ಒಂದು, ಹೋದ ವರ್ಷದ ಗೆಲುವಿಗೂ 81ಕ್ಕೂ ನಡುವಿನ ಅಂಕಿ. ಅದು ಸೋಮಾರಿಯ ಮುನ್ನೋಟ. ಇನ್ನೊಂದು, ಆಟವೇ ಸೀಸನ್ ಮುಂಚೆ ಕೊಡುವ ಭವಿಷ್ಯ. ಹೋದ ವರ್ಷ ನಾನು ತಂಡಕ್ಕೆ ಸರಾಸರಿ 7.1 ಗೆಲುವು ತಪ್ಪಿದೆ. ಸೋಮಾರಿ 7.6, ಕಂಪ್ಯೂಟರ್ 6.8. ಮೂರು ವಾರ ರಾತ್ರಿ ನಿದ್ದೆ ಕೆಟ್ಟಿದ್ದಕ್ಕೆ ಸೋಮಾರಿಗಿಂತ ಅರ್ಧ ಗೆಲುವು ಮುಂದೆ. ಲಾರಿಯವರ ತಂಡದಲ್ಲಿ ಮಾತ್ರ ಕಂಪ್ಯೂಟರ್ ಹನ್ನೊಂದು ತಪ್ಪಿತ್ತು, ನಾನು ಎರಡು. ಆ ಸಾಲಿಗೆ ಹಳದಿ ಬಣ್ಣ ಬಳಿದು ಇಟ್ಟುಕೊಂಡಿದ್ದೇನೆ.